ಟೀ ಅಗ್ಗವಾಗಿತ್ತಂತೆ, ಆದರೂ ಸಮುದ್ರಕ್ಕೆ ಯಾಕೆ ಸುರಿದರು?

ಕಡಲಾಚೆ_ಮಂಡ್ಯ:
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಗೆ ಬಂದು ಹದಿನಾಲ್ಕು ವರ್ಷ ಆಯ್ತು, ಮುಂದಿನ ತಿಂಗಳು ಸಿಟಿಜನ್‌ಶಿಪ್ ಇಂಟರ್‌ವ್ಯೂ ಇದೆ. ಮನೆಯವಳು ದೋಸೆ ಹುಯ್ಯುತ್ತಾ ಪ್ರಶ್ನೆ ಕೇಳುತ್ತಾಳೆ, ನಾನು ತಟ್ಟೆ ಹಿಡಿದು ಉತ್ತರ ಹೇಳಬೇಕು, ತಪ್ಪಾದರೆ ಆ ದೋಸೆ ಮಗಳಿಗೆ. ನಿನ್ನೆ ಬಂದ ಪ್ರಶ್ನೆ: ಅಮೆರಿಕದ ವಸಾಹತಿನ ಜನ ತಮ್ಮನ್ನು ಆಳುತ್ತಿದ್ದ ಬ್ರಿಟಿಷರ ಮೇಲೆ ಯಾಕೆ ಯುದ್ಧಕ್ಕೆ ಇಳಿದರು? ಇಂಟರ್‌ವ್ಯೂಗೆ ಸರ್ಕಾರ ಕೊಟ್ಟ 2008ರ ಪಟ್ಟಿಯಲ್ಲಿ ಮೂರು ಉತ್ತರ ಇದೆ, ಒಂದು ಹೇಳಿದರೆ ಸಾಕು. ತೆರಿಗೆ ಜಾಸ್ತಿ ಇತ್ತು, ಅದೂ ಪಾರ್ಲಿಮೆಂಟಿನಲ್ಲಿ ಇವರ ಕಡೆಯವರು ಒಬ್ಬರೂ ಇಲ್ಲದೆ ಹಾಕಿದ್ದು. ಸೈನಿಕರು ಇವರ ಮನೆಗಳಲ್ಲಿ ಬಿಡಾರ ಹೂಡಿದ್ದರು. ಸ್ವಂತ ಆಡಳಿತ ಇರಲಿಲ್ಲ. ನಾನು ಮೊದಲನೆಯದು ಹೇಳಿ ದೋಸೆ ಗಿಟ್ಟಿಸಿದೆ.

ಆಮೇಲೆ ಸುಮ್ನೆ ಓದುತ್ತಾ ಕೂತೆ, ತಲೆ ಕೆಟ್ಟಿತು. 1773ರಲ್ಲಿ ತೆರಿಗೆ ವಿರೋಧಿಸಿ ಜನ ಬಾಸ್ಟನ್ ಬಂದರಿನಲ್ಲಿ ನೀರಿಗೆ ಸುರಿದ ಟೀ ಮೊದಲಿಗಿಂತ ಅಗ್ಗಕ್ಕೆ ಸಿಗುವುದರಲ್ಲಿತ್ತಂತೆ! ಸ್ಟಾಂಪ್ ತೆರಿಗೆಯನ್ನು ಇಂಗ್ಲೆಂಡಿನವರೇ 1694ರಿಂದ ಕಟ್ಟುತ್ತಿದ್ದರಂತೆ. ಹಾಗಾದರೆ ಇವರ ಗೋಳು ಏನು? ದುಡ್ಡಾ, ಬೇರೆ ಏನಾದರೂನಾ?

ರಾಗಿಮುದ್ದೆ:
ವ್ಯಾಪಾರಿಗಳ ಗೋಳು ಗುರೂ, ಅಷ್ಟೇ. ಕಳ್ಳಸಾಗಣೆಯಲ್ಲಿ ಚೆನ್ನಾಗಿ ದುಡ್ಡು ಮಾಡುತ್ತಿದ್ದರು, ಅದಕ್ಕೆ ಕಲ್ಲು ಬಿತ್ತು, ಕೂಗಾಡಿದರು. ಹಕ್ಕು ಗಿಕ್ಕು ಎಲ್ಲ ಆಮೇಲೆ ಬಳಿದ ಸುಣ್ಣ.

ತುಂಗಾತೀರ:
ಮುದ್ದೆಯವರೇ, ಸ್ವಲ್ಪ ನಿಧಾನ. ಇಪ್ಪತ್ತೆಂಟು ವರ್ಷ ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿದ್ದೇನೆ, ಪ್ರತಿ ವರ್ಷ ಒಬ್ಬನಾದರೂ ಸ್ಟಾಂಪ್ ಆಕ್ಟ್ ಅಂದರೆ ಅಂಚೆ ಚೀಟಿ ಅಂದುಕೊಳ್ಳುತ್ತಿದ್ದ. ಅಂಚೆ ಚೀಟಿ ಆಗ ಹುಟ್ಟೇ ಇರಲಿಲ್ಲ. ನೀವು ನಮ್ಮ ಛಾಪಾ ಕಾಗದ ನೆನಪು ಮಾಡಿಕೊಳ್ಳಿ. ಮನೆ ಬಾಡಿಗೆ ಕರಾರಿಗೆ, ಜಮೀನು ಕ್ರಯಕ್ಕೆ ತರುತ್ತೇವಲ್ಲ, ಅದೇ ಸಂಸಾರ. ಲಂಡನ್ನಿನಲ್ಲಿ ಮುದ್ರೆ ಒತ್ತಿದ ಕಾಗದ ಹಡಗಿನಲ್ಲಿ ಬರಬೇಕು, ಅದರ ಮೇಲೆ ಬರೆದರೆ ಮಾತ್ರ ದಸ್ತಾವೇಜು ಊರ್ಜಿತ.

ಹಿನ್ನೆಲೆ ಏನಂದರೆ, ಫ್ರಾನ್ಸ್ ಜೊತೆಗಿನ ಏಳು ವರ್ಷದ ಯುದ್ಧ 1763ರಲ್ಲಿ ಮುಗಿಯಿತು. ಬ್ರಿಟನ್ ಗೆದ್ದಿತು, ಆದರೆ ಸಾಲ ಹೆಚ್ಚುಕಮ್ಮಿ ದುಪ್ಪಟ್ಟಾಗಿತ್ತು. ಅಮೆರಿಕದಲ್ಲಿ ಹತ್ತು ಸಾವಿರ ಸೈನಿಕರನ್ನು ಇಡಬೇಕು ಅಂದುಕೊಂಡರು, ಖರ್ಚಲ್ಲಿ ಒಂದು ಪಾಲು ಅಲ್ಲಿಯವರೇ ಕೊಡಲಿ ಅಂದರು. ಕೇಳಿದರೆ ನ್ಯಾಯವಾಗಿಯೇ ಕಾಣುತ್ತೆ. 1765ರ ಮಾರ್ಚ್‌ನಲ್ಲಿ ಕಾನೂನು ಆಯಿತು, ನವೆಂಬರ್ 1ರಿಂದ ಜಾರಿ. ಕೋರ್ಟ್ ಕಾಗದ, ಪತ್ರಿಕೆ, ಪಂಚಾಂಗ, ಹೆಂಡದಂಗಡಿ ಲೈಸೆನ್ಸ್ ಎಲ್ಲದಕ್ಕೂ ಮುದ್ರೆ. ಇಸ್ಪೀಟು ಕಟ್ಟಿಗೆ ಒಂದು ಶಿಲಿಂಗ್. ಒಂದು ಜೊತೆ ದಾಳಕ್ಕೆ ಹತ್ತು ಶಿಲಿಂಗ್. ಅದೂ ಇಂಗ್ಲೆಂಡಿನ ಹಣದ ಲೆಕ್ಕದಲ್ಲಿ ಕಟ್ಟಬೇಕು, ಅಲ್ಲಿ ಆ ನಾಣ್ಯ ಸಿಗುವುದೇ ಕಷ್ಟ. ಈಗ ಯಾರ ಮೇಲೆ ಬಿತ್ತು ನೋಡಿ. ವಕೀಲ, ಪತ್ರಿಕೆ ಅಚ್ಚು ಹಾಕುವವ, ಹೆಂಡದಂಗಡಿಯವ. ಊರಿನಲ್ಲಿ ಬಾಯಿ ಇರುವವರನ್ನೇ ಆರಿಸಿ ಆರಿಸಿ ಮೈಮೇಲೆ ಎಳೆದುಕೊಂಡರು.

ಆಗಸ್ಟ್ 14ಕ್ಕೆ ಬಾಸ್ಟನ್‌ನಲ್ಲಿ ಆಂಡ್ರ್ಯೂ ಆಲಿವರ್ ಎಂಬ ಸ್ಟಾಂಪ್ ಹಂಚಬೇಕಾದವನ ಬೊಂಬೆಯನ್ನು ಮರಕ್ಕೆ ನೇತುಹಾಕಿದರು, ಸಂಜೆ ಅವನ ಮನೆಗೆ ನುಗ್ಗಿದರು, ಕೆಲಸ ಬೇಡ ಅಂದುಬಿಟ್ಟ. ನವೆಂಬರ್ ಬರುವ ಹೊತ್ತಿಗೆ ಕಾಗದ ಹಂಚುವವರೇ ಸಿಗಲಿಲ್ಲ. 1766ರ ಮಾರ್ಚ್‌ನಲ್ಲಿ ವಾಪಸ್. ಆದರೆ ಅದೇ ದಿನ ಇನ್ನೊಂದು ಕಾನೂನು ಮಾಡಿದರು: ವಸಾಹತುಗಳ ಮೇಲೆ ಯಾವ ವಿಷಯದಲ್ಲೇ ಆಗಲಿ ಕಾನೂನು ಮಾಡುವ ಅಧಿಕಾರ ನಮಗಿದೆ ಅಂತ. ಪೆಟ್ಟು ಕೊಡಲಿಲ್ಲ, ಕೋಲನ್ನು ಬಾಗಿಲ ಹಿಂದೆ ಇಟ್ಟರು.

ರಾಗಿಮುದ್ದೆ:
ಸಾರ್, ಪ್ರತಿನಿಧಿ ಇಲ್ಲ ಅಂತ ಅಳುತ್ತಾರೆ ಸರಿ. ಆಗ ಇಂಗ್ಲೆಂಡಿನಲ್ಲೇ ಮ್ಯಾಂಚೆಸ್ಟರ್‌ಗೆ, ಬರ್ಮಿಂಗ್‌ಹ್ಯಾಮ್‌ಗೆ ಒಬ್ಬ ಎಂಪಿ ಇರಲಿಲ್ಲ. ಅವರು ತೆರಿಗೆ ಕಟ್ಟಲಿಲ್ವಾ?

ತುಂಗಾತೀರ:
ಕಟ್ಟಿದರು. ಲಂಡನ್ನಿನವರ ವಾದವೂ ಅದೇ, ಓಟು ಹಾಕದಿದ್ದರೂ ಪಾರ್ಲಿಮೆಂಟ್ ಎಲ್ಲರ ಪರವಾಗಿ ಯೋಚನೆ ಮಾಡುತ್ತೆ ಅಂತ. ಅದೇ ಕಾಲಕ್ಕೆ ಓಲ್ಡ್ ಸೇರಮ್ ಎಂಬ ಪಾಳುದಿಬ್ಬಕ್ಕೆ ಇಬ್ಬರು ಎಂಪಿಗಳು! ಆದರೆ ಒಂದು ವ್ಯತ್ಯಾಸ ಇದೆ. ಮ್ಯಾಂಚೆಸ್ಟರ್ ಮೇಲೆ ಹಾಕಿದ ತೆರಿಗೆ ಆ ಎಂಪಿಗಳ ಜೇಬಿಗೂ ತಾಗುತ್ತಿತ್ತು. ಬಾಸ್ಟನ್ ಮೇಲೆ ಹಾಕಿದಷ್ಟೂ ಅವರಿಗೆ ಉಳಿತಾಯ.

ಕಪ್ಪುಕೋಟು_ಧಾರವಾಡ:
ಎಲ್ಲರೂ ದುಡ್ಡಿನ ಸುತ್ತಲೇ ತಿರುಗುತ್ತಿದ್ದೀರಿ. ವಕೀಲ ನಾನು, ನನಗೆ ಕಾಣುವುದು ಬೇರೆ. ತೆರಿಗೆ ಎಷ್ಟು ಅನ್ನುವುದಕ್ಕಿಂತ ಅದನ್ನು ಹೇಗೆ ವಸೂಲಿ ಮಾಡಿದರು ಅನ್ನುವುದು ಜನರನ್ನು ಕೆರಳಿಸಿತು.

1764ರ ಸಕ್ಕರೆ ಕಾನೂನನ್ನೇ ತೆಗೆದುಕೊಳ್ಳಿ, ಮಂಡ್ಯದವರಿಗೆ ಬೇಗ ಅರ್ಥ ಆಗುತ್ತೆ, ಅದು ಕಾಕಂಬಿ ವಿಷಯ. ಕೆರಿಬಿಯನ್ ದ್ವೀಪಗಳಿಂದ ಕಾಕಂಬಿ ತಂದು ರಮ್ ಮಾಡುತ್ತಿದ್ದರು. ಹೊರಗಿನ ಕಾಕಂಬಿಗೆ ಗ್ಯಾಲನ್‌ಗೆ 6 ಪೆನ್ಸ್ ಸುಂಕ ಇತ್ತು, ಅದನ್ನು 3 ಪೆನ್ಸ್‌ಗೆ ಇಳಿಸಿದರು. ಇಳಿಸಿದರು ಸ್ವಾಮಿ! ಆದರೂ ಗಲಾಟೆ. ಯಾಕಂದರೆ 6 ಪೆನ್ಸ್ ಯಾರೂ ಕಟ್ಟುತ್ತಿರಲಿಲ್ಲ, 3 ಪೆನ್ಸ್ ಕಟ್ಟಿಸಲು ಹೊರಟರು. ಸಿಕ್ಕಿಬಿದ್ದರೆ ಕೇಸು ಊರ ಕೋರ್ಟಿಗೆ ಹೋಗಬೇಕಿಲ್ಲ, ನೌಕಾ ಕೋರ್ಟಿಗೆ ಎಳೆಯಬಹುದು, ಬೇಕಾದರೆ ದೂರದ ಹ್ಯಾಲಿಫ್ಯಾಕ್ಸ್‌ಗೂ. ಅಲ್ಲಿ ಜ್ಯೂರಿ, ಅಂದರೆ ತೀರ್ಮಾನ ಹೇಳುವ ಊರ ಸಾಮಾನ್ಯ ಜನರ ಮಂಡಳಿ, ಇಲ್ಲ. ಒಬ್ಬ ನ್ಯಾಯಾಧೀಶ, ಅವನು ಹೇಳಿದ್ದೇ ಕೊನೆ. 1765ರ ಅಕ್ಟೋಬರ್‌ನಲ್ಲಿ ಒಂಬತ್ತು ವಸಾಹತುಗಳವರು ನ್ಯೂಯಾರ್ಕ್‌ನಲ್ಲಿ ಸೇರಿ ಸ್ಟಾಂಪ್ ತೆರಿಗೆ ವಿರುದ್ಧ ಬರೆದ ಮನವಿ ಓದಿ. ನಮ್ಮ ಒಪ್ಪಿಗೆ ಇಲ್ಲದೆ ತೆರಿಗೆ ಬೇಡ ಅಂದ ಕಾಗದದಲ್ಲೇ ಜ್ಯೂರಿ ವಿಚಾರಣೆ ನಮ್ಮ ಹಕ್ಕು ಅಂತಲೂ ಇದೆ. ಅವರ ತಲೆಯಲ್ಲಿ ಎರಡೂ ಒಂದೇ ಗಂಟು.

ಈಗ ನನಗೆ ಇಷ್ಟವಾದ ಭಾಗ. ಸುಂಕದ ಅಧಿಕಾರಿಗಳ ಕೈಯಲ್ಲಿ ರಿಟ್ ಆಫ್ ಅಸಿಸ್ಟೆನ್ಸ್ ಅಂತ ಒಂದು ಕಾಗದ ಇರುತ್ತಿತ್ತು. ಯಾರ ಮನೆ, ಯಾವ ಮಾಲು, ಯಾವ ದಿನ, ಒಂದೂ ಅದರಲ್ಲಿ ಬರೆದಿರುವುದಿಲ್ಲ. ಹಗಲು ಹೊತ್ತು ಅಂಗಡಿ, ಗೋದಾಮು, ಮನೆ, ನೆಲಮಾಳಿಗೆ ಎಲ್ಲಿಗೆ ಬೇಕಾದರೂ ನುಗ್ಗಬಹುದು, ಬೀಗ ಒಡೆಯಬಹುದು. ರಾಜ ಬದುಕಿರುವವರೆಗೆ ಮತ್ತು ಸತ್ತ ಮೇಲೆ ಆರು ತಿಂಗಳು ಇದಕ್ಕೆ ಆಯುಷ್ಯ. ಎರಡನೇ ಜಾರ್ಜ್ 1760ರ ಅಕ್ಟೋಬರ್‌ನಲ್ಲಿ ತೀರಿಕೊಂಡ, ಹೊಸ ಕಾಗದ ಬೇಕಾಯಿತು. 1761ರ ಫೆಬ್ರವರಿಯಲ್ಲಿ ಬಾಸ್ಟನ್ ಕೋರ್ಟಿನಲ್ಲಿ ಜೇಮ್ಸ್ ಓಟಿಸ್ ಎಂಬ ವಕೀಲ ಇದನ್ನು ಕೊಡಬೇಡಿ ಅಂತ ಗಂಟೆಗಟ್ಟಲೆ ವಾದಿಸಿದ. ಮನುಷ್ಯನಿಗೆ ಅವನ ಮನೆಯೇ ಕೋಟೆ, ಈ ಕಾಗದ ಇದ್ದರೆ ಒಬ್ಬ ಸಣ್ಣ ಅಧಿಕಾರಿಯ ಮರ್ಜಿಯಲ್ಲಿ ಎಲ್ಲರೂ ಬದುಕಬೇಕು ಎಂಬುದು ಅವನ ವಾದದ ತಿರುಳು. ಕೇಸು ಸೋತ. ಕೋರ್ಟಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದ ಒಬ್ಬ ಹುಡುಗ ವಕೀಲನ ಹೆಸರು ಜಾನ್ ಆಡಮ್ಸ್, ಮುಂದೆ ಎರಡನೇ ಅಧ್ಯಕ್ಷ ಆದವನು. ಸ್ವಾತಂತ್ರ್ಯ ಎಂಬ ಕೂಸು ಹುಟ್ಟಿದ್ದು ಅಲ್ಲೇ ಅಂತ ವಯಸ್ಸಾದ ಮೇಲೆ ಬರೆದ.

ತಮಾಷೆ ಏನಂದರೆ ಇಂಗ್ಲೆಂಡಿನಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿತ್ತು. ಸ್ಟಾಂಪ್ ಆಕ್ಟ್ ಬಂದ 1765ರಲ್ಲೇ ಎಂಟಿಕ್ ಎಂಬ ಬರಹಗಾರನ ಮನೆಗೆ ನುಗ್ಗಿ ಕಾಗದಪತ್ರ ಹೊತ್ತೊಯ್ದದ್ದು ತಪ್ಪು ಅಂತ ಅಲ್ಲಿನ ಕೋರ್ಟ್ ತೀರ್ಪು ಕೊಟ್ಟಿತು. ಲಂಡನ್ನಿನವನ ಮೇಜಿನ ಖಾನೆಗೆ ರಕ್ಷಣೆ ಸಿಕ್ಕಿತು, ಬಾಸ್ಟನ್ನಿನವನ ನೆಲಮಾಳಿಗೆಗೆ ಇಲ್ಲ. ನಾವೂ ಅದೇ ರಾಜನ ಪ್ರಜೆಗಳಲ್ವಾ ಅನ್ನುವ ಸಿಟ್ಟು ಬರದೇ ಇರುತ್ತಾ?

ಕಡಲಾಚೆ_ಮಂಡ್ಯ:
ಕಾಕಂಬಿ ಅಂದ ಕೂಡಲೇ ನಮ್ಮ ಆಲೆಮನೆ ವಾಸನೆ ಮೂಗಿಗೆ ಬಂತು ಸಾರ್. ಸರಿ, ಆ ಕಾಗದ ಹಿಡಿದು ನಿಜವಾಗಿಯೂ ಮನೆಗೆ ನುಗ್ಗಿದರಾ?

ಮಳೆಗಾಲ_ಬಾಸ್ಟನ್:
ಇದಕ್ಕೆ ನಾನು ಉತ್ತರ ಹೇಳಬಹುದು. ನಮ್ಮ ಮನೆಯಿಂದ ಅರ್ಧ ಗಂಟೆಯಲ್ಲಿ ಕಾಪ್ಸ್ ಹಿಲ್ ಅಂತ ಹಳೇ ಸ್ಮಶಾನ ಇದೆ. ಊರಿಂದ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಇಷ್ಟು ದೂರ ಬಂದು ಸ್ಮಶಾನ ತೋರಿಸ್ತೀಯೇನೇ ಅಂತ ಅಮ್ಮ ಬೈದಿದ್ದು ಬೇರೆ ವಿಷಯ.

ಅಲ್ಲಿ ಡೇನಿಯಲ್ ಮಾಲ್ಕಮ್ ಎಂಬ ವ್ಯಾಪಾರಿಯ ಸಮಾಧಿ ಇದೆ. 1766ರ ಸೆಪ್ಟೆಂಬರ್ 24ರಂದು ಇವನ ಮನೆಯಲ್ಲಿ ಸುಂಕ ಕಟ್ಟದ ಮದ್ಯ ಇದೆ ಅಂತ ಯಾರೋ ಚಾಡಿ ಹೇಳಿ ಅಧಿಕಾರಿಗಳು ಬಂದರು. ಮನೆ ತೋರಿಸಿದ, ನೆಲಮಾಳಿಗೆಯನ್ನೂ ತೋರಿಸಿದ. ಅದರೊಳಗೆ ಒಂದು ಭಾಗಕ್ಕೆ ಬೀಗ. ಅದನ್ನು ತೆಗೆಯಲ್ಲ ಅಂದ. ಒಡೆಯುತ್ತೇವೆ ಅಂದರೆ ಒಡೆದವನ ತಲೆ ಹಾರಿಸುತ್ತೇನೆ ಅಂತ ಪಿಸ್ತೂಲು, ಕತ್ತಿ ಹಿಡಿದು ನಿಂತ. ಅವರು ಹೋಗಿ ಮಧ್ಯಾಹ್ನ ಇನ್ನಷ್ಟು ಜನ ಕಟ್ಟಿಕೊಂಡು ಬಂದರು. ಅಷ್ಟರಲ್ಲಿ ಇಡೀ ಮನೆಗೇ ಬಾಗಿಲು ಹಾಕಿಕೊಂಡಿದ್ದ, ಬೀದಿ ತುಂಬಾ ಜನ, ಶಾಲೆ ಬಿಟ್ಟ ಹುಡುಗರು ಬೇರೆ. ಸಂಜೆಯವರೆಗೆ ಹೊರಗೆ ನಿಂತು ಕಾದು ಕಾದು ಹೊರಟುಹೋದರು.

ಮೂರು ವರ್ಷದ ಮೇಲೆ ತೀರಿಕೊಂಡ. ಹತ್ತು ಅಡಿ ಆಳದ ಕಲ್ಲಿನ ಗೋರಿಯಲ್ಲಿ ಹೂಳಿದ್ದಾರೆ ಅಂತ ಕಲ್ಲಿನ ಮೇಲೇ ಕೆತ್ತಿದ್ದಾರೆ. ದಬ್ಬಾಳಿಕೆಗೆ ವೈರಿ, ಅಮೆರಿಕದ ಮೇಲೆ ಹಾಕಿದ ಸುಂಕದ ಕಾನೂನುಗಳನ್ನು ಎದುರಿಸಿದವರಲ್ಲಿ ಮುಂದೆ ನಿಂತವನು ಅಂತಲೂ ಇದೆ. ಸುಂಕದ ಜಗಳ ಗೋರಿಯ ಮೇಲೆ ಬರೆಸಿಕೊಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ. ಕಲ್ಲಿನ ಮೇಲೆ ಅಲ್ಲಲ್ಲಿ ಗುಂಡಿಯಾಗಿದೆ, ಬೆರಳ ತುದಿ ಕೂರುವಷ್ಟು. ಬ್ರಿಟಿಷ್ ಸೈನಿಕರು ಗುರಿ ಕಲಿಯಲು ಇದಕ್ಕೇ ಗುಂಡು ಹೊಡೆದರು ಅಂತ ಅಲ್ಲಿಯವರು ಹೇಳುತ್ತಾರೆ. ಅಪ್ಪ ಬೆರಳಿಟ್ಟು ನೋಡಿ, "ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಲಿಲ್ಲ ಇವನು" ಅಂದರು.

ಕಪ್ಪುಕೋಟು_ಧಾರವಾಡ:
ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ ಅಕ್ಕಾ. ಈ ಮಾಲ್ಕಮ್ ಕೇಸಿನ ಬಾಲ ಇನ್ನೂ ಚೆನ್ನಾಗಿದೆ. ಸುಂಕದವರು ದೂರು ಕೊಟ್ಟಾಗ ಲಂಡನ್ನಿನ ಅಟಾರ್ನಿ ಜನರಲ್, ಆ ರಿಟ್ ವಸಾಹತುಗಳಿಗೆ ಅನ್ವಯ ಆಗುತ್ತೆ ಅಂತ ಕಾನೂನಿನಲ್ಲಿ ಇಲ್ಲವಲ್ಲ ಅಂದುಬಿಟ್ಟ. ಅಂದರೆ ಓಟಿಸ್ ಸೋತ ಕೇಸಿನಲ್ಲಿ ಜೀವ ಇತ್ತು! ಅವರೇನು ಮಾಡಿದರು ಗೊತ್ತಾ? 1767ರಲ್ಲಿ ಬ್ರಿಟನ್ನಿನ ಹಣಕಾಸು ಮಂತ್ರಿ ಟೌನ್‌ಶೆಂಡ್ ಗಾಜು, ಸೀಸ, ಬಣ್ಣ, ಕಾಗದ, ಟೀ ಮೇಲೆ ಸುಂಕ ಹಾಕಿದನಲ್ಲ, ಅದೇ ಕಾನೂನಿನಲ್ಲಿ ಈ ರಿಟ್ ಕೊಡುವ ಅಧಿಕಾರವನ್ನೂ ಸೇರಿಸಿದರು.

ರಾಗಿಮುದ್ದೆ:
ಕಥೆ ಚೆನ್ನಾಗಿದೆ ಒಪ್ಪಿದೆ. ಆದರೆ ಈ ಮನೆ, ಕೋಟೆ, ಹಕ್ಕು ಅಂದವರ ಅಡುಗೆಮನೆಯಲ್ಲಿ ಯಾರು ದುಡಿಯುತ್ತಿದ್ದರು? ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ. 1773ರ ಜನವರಿಯಲ್ಲಿ ಬಾಸ್ಟನ್ನಿನ ಗುಲಾಮರು ಬಿಡುಗಡೆ ಕೇಳಿ ಮನವಿ ಕೊಟ್ಟರು. ಟೀ ಸುರಿದದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. ಟೀ ಎಲ್ಲರ ಬಾಯಲ್ಲಿದೆ, ಮನವಿ ಯಾರಿಗೆ ನೆನಪಿದೆ? ಇನ್ನೊಂದು ಕೇಳಿ. 1780ರಲ್ಲಿ, ಅಂದರೆ ಯುದ್ಧ ನಡೆಯುತ್ತಿರುವಾಗಲೇ, ಮ್ಯಾಸಚೂಸೆಟ್ಸ್‌ನ ಡಾರ್ಟ್‌ಮತ್ ಊರಿನ ಪಾಲ್ ಕಫಿ, ಅವನ ಅಣ್ಣ ಜಾನ್ ಮತ್ತೆ ಕೆಲವು ಕಪ್ಪು ಜನ ಸೇರಿ ಶಾಸನಸಭೆಗೆ ಬರೆದರು: ನಮ್ಮಿಂದ ತೆರಿಗೆ ತೆಗೆದುಕೊಳ್ಳುತ್ತೀರಿ, ಓಟು ಕೊಡುವುದಿಲ್ಲ, ನಮ್ಮವರು ನಿಮ್ಮ ಜೊತೆ ಯುದ್ಧಕ್ಕೂ ಹೋಗಿದ್ದಾರೆ. ಬ್ರಿಟಿಷರಿಗೆ ಹೇಳಿದ್ದ ಪಾಠವನ್ನೇ ಇವರಿಗೆ ಒಪ್ಪಿಸಿದರು. ತೆರಿಗೆ ಕಟ್ಟಲಿಲ್ಲ ಅಂತ ಅಣ್ಣತಮ್ಮಂದಿರನ್ನು ಹಿಡಿದು ಒಳಗೂ ಹಾಕಿದರು.

ತುಂಗಾತೀರ:
ಇದನ್ನು ಹೇಳಿದ್ದು ಒಳ್ಳೆಯದಾಯಿತು. ನಾನು ತರಗತಿಯಲ್ಲಿ ಒಂದು ದಿನವೂ ಕಫಿ ಹೆಸರು ಹೇಳಿಲ್ಲ.

ಕಡಲಾಚೆ_ಮಂಡ್ಯ:
ಯಾರಾದರೂ ಟೀ ಬಗ್ಗೆ ಹೇಳಿ ಪುಣ್ಯ ಕಟ್ಟಿಕೊಳ್ಳಿ. ಶೀರ್ಷಿಕೆ ಅದೇ ಇಟ್ಟಿದ್ದೇನೆ!

ತುಂಗಾತೀರ:
ಬಂದೆ. 1770ರಲ್ಲಿ ಉಳಿದ ಸುಂಕಗಳನ್ನು ತೆಗೆದು ಟೀ ಮೇಲಿನದನ್ನು ಮಾತ್ರ ಉಳಿಸಿಕೊಂಡರು, ಪೌಂಡ್ ತೂಕಕ್ಕೆ 3 ಪೆನ್ಸ್. ದುಡ್ಡಿಗಿಂತ ಹಠಕ್ಕೆ ಉಳಿಸಿಕೊಂಡದ್ದು. ಈ ಕಡೆ ಈಸ್ಟ್ ಇಂಡಿಯಾ ಕಂಪನಿ ದಿವಾಳಿ ಅಂಚಿನಲ್ಲಿತ್ತು, ಲಂಡನ್ನಿನ ಗೋದಾಮಿನಲ್ಲಿ ಸುಮಾರು 1 ಕೋಟಿ 70 ಲಕ್ಷ ಪೌಂಡ್ ಟೀ ಕೊಳೆಯುತ್ತಿತ್ತು. (ಅದು ಚೀನಾ ಟೀ. ಅಸ್ಸಾಂ ಟೀ ಅಂತ ಎಷ್ಟೋ ಜನ ಬರೆಯುತ್ತಾರೆ, ಅಸ್ಸಾಂನಲ್ಲಿ ಟೀ ತೋಟ ಆಗಿದ್ದು 1830ರ ಆಮೇಲೆ.) 1773ರ ಕಾನೂನು ಕಂಪನಿಗೆ ನೇರವಾಗಿ ಅಮೆರಿಕಕ್ಕೆ ಕಳಿಸಲು ಬಿಟ್ಟಿತು, ಇಂಗ್ಲೆಂಡಿನ ಸುಂಕ ವಾಪಸ್ ಕೊಟ್ಟಿತು. ಹಾಗಾಗಿ 3 ಪೆನ್ಸ್ ಸೇರಿಸಿದರೂ ಅಗ್ಗ.

ಹಾಗಾದರೆ ಕೋಪ ಯಾಕೆ? ಕಳ್ಳ ಟೀ ಮಾರುವವರ ಹೊಟ್ಟೆಯ ಮೇಲೆ ಹೊಡೆಯಿತು, ಮುದ್ದೆಯವರ ಮಾತು ಅಷ್ಟರ ಮಟ್ಟಿಗೆ ನಿಜ. ಕಂಪನಿಯ ಟೀ ಮಾರಲು ಆರಿಸಿದ್ದು ಬೆರಳೆಣಿಕೆಯ ಜನರನ್ನು, ಅವರಲ್ಲಿ ಇಬ್ಬರು ಮ್ಯಾಸಚೂಸೆಟ್ಸ್ ಗವರ್ನರ್ ಹಚಿನ್ಸನ್‌ನ ಮಕ್ಕಳು! ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಆ ಸುಂಕದ ದುಡ್ಡು ಗವರ್ನರ್‌ಗೆ, ನ್ಯಾಯಾಧೀಶರಿಗೆ ಸಂಬಳ ಕೊಡಲು ಹೋಗುತ್ತಿತ್ತು. ಅಲ್ಲಿಯವರೆಗೆ ಅವರ ಸಂಬಳ ಊರ ಶಾಸನಸಭೆ ಕೈಯಲ್ಲಿತ್ತು. ಸಂಬಳ ಕೊಡುವವನ ಮುಖ ನೋಡಿ ತೀರ್ಪು ಕೊಡುತ್ತಾರೆ ಅಂತ ಜನಕ್ಕೆ ಭಯ. ಅಂದರೆ ಒಂದು ಲೋಟ ಟೀ ಕುಡಿದರೆ ನಿನ್ನ ಮೇಲೆ ತೀರ್ಪು ಕೊಡುವವನನ್ನು ಲಂಡನ್ನಿಗೆ ಮಾರಿದ ಹಾಗೆ.

ನಮ್ಮ ದೇಶದ ಸಂಬಂಧವೂ ಇದೆ. ಜಾನ್ ಡಿಕಿನ್ಸನ್ ಎಂಬ ಪೆನ್ಸಿಲ್ವೇನಿಯಾದ ವಕೀಲ ಆ ವರ್ಷ ಬಂಗಾಳದ ಕ್ಷಾಮವನ್ನು ಎತ್ತಿ ಬರೆದ. ಅಲ್ಲಿ ಜನ ಹಸಿದು ಸತ್ತಾಗ ಕಂಪನಿ ಏನು ಮಾಡಿತು ನೋಡಿ, ಈಗ ಅದರ ಕಣ್ಣು ನಮ್ಮ ಮೇಲೆ ಬಿದ್ದಿದೆ ಅಂತ. ಡಿಸೆಂಬರ್ 16ರ ರಾತ್ರಿ ಮೂರು ಹಡಗಿನ 342 ಪೆಟ್ಟಿಗೆ ಟೀ ನೀರಿಗೆ ಬಿತ್ತು. ಕಂಪನಿ ಹಾಕಿದ ನಷ್ಟದ ಲೆಕ್ಕ 9,659 ಪೌಂಡ್ ಹಣ.

ದಸರಾಬೊಂಬೆ:
ಮೈಸೂರಿನವಳಾಗಿ ನಾನೂ ಒಂದು ಸೇರಿಸಲೇಬೇಕು. ಆ ಯುದ್ಧದಲ್ಲಿ ಅಮೆರಿಕದವರ ಒಂದು ಹಡಗಿನ ಹೆಸರು ಹೈದರ್ ಅಲಿ! ನಿಜವಾಗಿಯೂ. ನಮ್ಮ ಹೈದರ್ ಆಗ ಇಲ್ಲಿ ಇಂಗ್ಲಿಷರ ಜೊತೆ ಕಾದಾಡುತ್ತಿದ್ದ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದ ಆ ಹಡಗು ಜೋಶುವಾ ಬಾರ್ನಿ ಎಂಬವನ ಕೈಯಲ್ಲಿ 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಜನರಲ್ ಮಂಕ್ ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಅದಕ್ಕೂ ಮುಂಚೆ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಗೊತ್ತಲ್ಲ, ಅದೇ ಮನುಷ್ಯ ಆಮೇಲೆ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದ. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆ ಕೇಳಿದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನಬೇಕು ಅನಿಸುತ್ತೆ, ಆದರೆ ನಮ್ಮ ಟಿಪ್ಪು ಕೊತ್ತಿ ಅಲ್ಲ ಬಿಡಿ.

ರಾಗಿಮುದ್ದೆ:
ಹಡಗಿನ ವಿಷಯ ಗೊತ್ತಿರಲಿಲ್ಲ ಮೇಡಂ. ಇವತ್ತಿಗೆ ಇದೊಂದು ಸಾಕು.

ಎಚ್‌ಒನ್_ಹುಬ್ಬಳ್ಳಿ:
ನಾನು ಡಲ್ಲಾಸ್‌ನಲ್ಲಿ ಒಂಬತ್ತು ವರ್ಷದಿಂದ ತೆರಿಗೆ ಕಟ್ಟಾಕತ್ತೀನಿ, ಒಂದು ಓಟು ಹಾಕಿಲ್ಲ. ಟೀ ಎಲ್ಲಿ ಸುರೀಲಿ? ಡಲ್ಲಾಸ್‌ನಾಗ ಸಮುದ್ರ ಇಲ್ಲ.

ಮಳೆಗಾಲ_ಬಾಸ್ಟನ್:
😂 ನೀವಾದರೂ ವೀಸಾದವರು. ವಾಷಿಂಗ್ಟನ್ ಡಿಸಿಯವರು ಪಕ್ಕಾ ನಾಗರಿಕರು, ತೆರಿಗೆ ಪೂರ್ತಿ ಕಟ್ಟುತ್ತಾರೆ, ಸೆನೆಟ್‌ನಲ್ಲಿ ಅವರಿಗೆ ಒಬ್ಬರೂ ಇಲ್ಲ, ಕೆಳಮನೆಯಲ್ಲಿ ಇರುವ ಒಬ್ಬರಿಗೆ ಮಸೂದೆ ಪಾಸು ಮಾಡುವಾಗ ಓಟಿಲ್ಲ. 2000ದಿಂದ ಅವರ ಕಾರಿನ ನಂಬರ್ ಪ್ಲೇಟ್ ಮೇಲೇ ಪ್ರತಿನಿಧಿ ಇಲ್ಲದ ತೆರಿಗೆ ಅಂತ ಬರೆದಿರುತ್ತಿತ್ತು, ಈಗ ಅದನ್ನು ನಿಲ್ಲಿಸಿ ಅಂತಲೂ ಸೇರಿಸಿದ್ದಾರೆ. ಮೊದಲ ಸಲ ನೋಡಿದಾಗ ಯಾರೋ ಕಿಡಿಗೇಡಿ ಅಂಟಿಸಿದ್ದು ಅಂದುಕೊಂಡಿದ್ದೆ.

ಕಪ್ಪುಕೋಟು_ಧಾರವಾಡ:
ಕಡಲಾಚೆಯವರೇ, ನಿಮ್ಮ ಪಟ್ಟಿಯ ಎರಡನೇ ಉತ್ತರಕ್ಕೆ ಒಂದು ತಿದ್ದುಪಡಿ. 1765ರ ಸೈನಿಕರ ಬಿಡಾರದ ಕಾನೂನು ಜನ ವಾಸ ಇರುವ ಮನೆಯೊಳಗೆ ಸೈನಿಕರನ್ನು ತುರುಕಲು ಹೇಳಲಿಲ್ಲ. ಬ್ಯಾರಕ್, ಅದು ಸಾಲದಿದ್ದರೆ ಛತ್ರ, ಹೆಂಡದಂಗಡಿ, ಅದೂ ಸಾಲದಿದ್ದರೆ ಖಾಲಿ ಮನೆ, ಕೊಟ್ಟಿಗೆ. ಜೊತೆಗೆ ಕಟ್ಟಿಗೆ, ಮೇಣದಬತ್ತಿ, ಉಪ್ಪು, ವಿನಿಗರ್, ಬಿಯರ್ ಊರವರು ಕೊಡಬೇಕು. ಅದೂ ಒಂಥರಾ ತೆರಿಗೆಯೇ. ಇಂಟರ್‌ವ್ಯೂನಲ್ಲಿ ಇದನ್ನೆಲ್ಲ ಹೇಳಲು ಹೋಗಬೇಡಿ ಮಾರಾಯರೇ, ಪಟ್ಟಿಯಲ್ಲಿ ಇದ್ದದ್ದನ್ನೇ ಹೇಳಿ ಬನ್ನಿ.

1787ರಲ್ಲಿ ಸಂವಿಧಾನ ಬರೆದಾಗ ಹಕ್ಕುಗಳ ಪಟ್ಟಿ ಇರಲಿಲ್ಲ, ಜನ ಬಿಡಲಿಲ್ಲ. 1791ರ ಡಿಸೆಂಬರ್ 15ಕ್ಕೆ ಹತ್ತು ತಿದ್ದುಪಡಿ ಬಂತು. ಮೂರನೆಯದು ಸೈನಿಕರ ಬಿಡಾರ, ಆರು ಮತ್ತು ಏಳು ಜ್ಯೂರಿ. ನಾಲ್ಕನೆಯದು ಮನೆ ಶೋಧ. ಯಾವ ಜಾಗ, ಯಾವ ವಸ್ತು ಅಂತ ಬರೆದ ವಾರಂಟ್ ಬೇಕು ಅನ್ನುತ್ತೆ. ಮಾಲ್ಕಮ್‌ನ ನೆಲಮಾಳಿಗೆಯೇ ಕಣ್ಣಿಗೆ ಬರುತ್ತೆ ನನಗೆ. ಹಾಗಂತ ಹೊಸ ಸರ್ಕಾರ ತೆರಿಗೆ ಬಿಟ್ಟಿತು ಅಂದುಕೊಳ್ಳಬೇಡಿ. ವಿಸ್ಕಿ ಮೇಲೆ ಹಾಕಿದರು, ಪೆನ್ಸಿಲ್ವೇನಿಯಾದ ರೈತರು ತಿರುಗಿಬಿದ್ದರು, 1794ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ತಾನೇ ಸೈನ್ಯ ಕಟ್ಟಿಕೊಂಡು ಹೊರಟ.

ನಮ್ಮ ಕಡೆಗೆ ಬಂದರೆ, ಕಾನೂನಿನ ಅಧಿಕಾರ ಇಲ್ಲದೆ ತೆರಿಗೆ ಹಾಕುವಂತಿಲ್ಲ ಅಂತ ನಮ್ಮ ಸಂವಿಧಾನದ 265ನೇ ವಿಧಿ ಹೇಳುತ್ತೆ. ಆದರೆ ಶೋಧದ ವಿಷಯದಲ್ಲಿ 1954ರ ಎಂ.ಪಿ. ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಅಮೆರಿಕದ ನಾಲ್ಕನೇ ತಿದ್ದುಪಡಿಯನ್ನು ಹೆಸರಿಸಿ, ಅಂಥದ್ದು ನಮ್ಮಲ್ಲಿ ಇಲ್ಲ ಅಂದಿತು. ಆ ಮಾತು ಅರವತ್ತು ವರ್ಷ ನಿಂತಿತ್ತು. ಆಧಾರ್ ವಿಷಯ ಹಿಡಿದು 2012ರಲ್ಲಿ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗಲೇ ಎಂಬತ್ತು ದಾಟಿದ್ದವರು. 2017ರ ಆಗಸ್ಟ್ 24ಕ್ಕೆ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು, ಶರ್ಮಾ ಕೇಸಿನಲ್ಲಿ ಅದಕ್ಕೆ ಅಡ್ಡ ಬರುತ್ತಿದ್ದ ಮಾತನ್ನು ತಳ್ಳಿಹಾಕಿದರು. ಓಟಿಸ್ ಬಾಸ್ಟನ್‌ನಲ್ಲಿ ಸೋತ ವಾದದ ಒಂದು ಎಳೆ ಸುತ್ತಿ ಬಳಸಿ ನಮ್ಮ ಕನ್ನಡದವರೊಬ್ಬರ ಅರ್ಜಿಯಲ್ಲಿ ಗೆದ್ದಿತು ಅಂತ ನನ್ನ ಲೆಕ್ಕ. ಸೀನಿಯರ್‌ಗಳು ಒಪ್ಪದಿದ್ದರೆ ಬಯ್ಯಬಹುದು.

ಕಡಲಾಚೆ_ಮಂಡ್ಯ:
ಎಲ್ಲರಿಗೂ ಅಪ್‌ಡೇಟ್. ಇಂಟರ್‌ವ್ಯೂ ಮುಗಿಯಿತು, ಪಾಸ್. ಈ ಪ್ರಶ್ನೆ ಕೇಳಲೇ ಇಲ್ಲ! ಅಮೆರಿಕದ ಎರಡು ಅತಿ ಉದ್ದದ ನದಿಗಳಲ್ಲಿ ಒಂದನ್ನು ಹೇಳಿ ಅಂದರು, ಮಿಸಿಸಿಪ್ಪಿ ಅಂದೆ. ಬೇಕಾದಷ್ಟು ಸರಿ ಆದ ಕೂಡಲೇ ನಿಲ್ಲಿಸಿದರು. ಮನೆಯವಳು ಅವತ್ತು ಲೆಕ್ಕ ಇಲ್ಲದೆ ದೋಸೆ ಹುಯ್ದಳು.

ಮಗಳು ಇದನ್ನೆಲ್ಲ ಓದಿಸಿಕೊಂಡು ಕೇಳಿದಳು. ಶಾಲೆಗೆ ಮಾಲ್ಕಮ್ ಬಗ್ಗೆ ಒಂದು ಪುಟ ಬರೆದಿದ್ದಾಳೆ, ನೆಲಮಾಳಿಗೆಯ ಚಿತ್ರವೂ ಬಿಡಿಸಿದ್ದಾಳೆ. ಬೀಗ ಹಾಕಿದ್ದ ಆ ಕೋಣೆಯೊಳಗೆ ಏನು ಬಿಡಿಸಬೇಕು ಅಂತ ಕೇಳುತ್ತಿದ್ದಾಳೆ. ಏನಿತ್ತು ಅಲ್ಲಿ?

ಮಳೆಗಾಲ_ಬಾಸ್ಟನ್:
ಕೋಣೆ ಖಾಲಿ ಬಿಡಲು ಹೇಳಿ. ಬೀಗ ಮಾತ್ರ ದೊಡ್ಡದಾಗಿ ಬಿಡಿಸಲಿ. ಬಂದವರು ಅದನ್ನು ನೋಡಿಕೊಂಡೇ ವಾಪಸ್ ಹೋದದ್ದು.